ಬೊಬೊಲಿಗೆ ಹತ್ತಕ್ಕೆ ಹತ್ತು

ನಮ್ಮಕ್ಕ ಯೂಲಾಳ ಹೆಸರನ್ನು ಬಲಾಟಾ ಊರಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದಾರೆ. ಅವಳು ಸಂತಳಲ್ಲ, ಹಾಡುಗಾರ್ತಿಯೂ ಅಲ್ಲ. ಯಾರಿಗೂ ಬೇಡದ ಕೆಲಸಗಳಿಗೆ ಇಂಗ್ಲಿಷಿನಲ್ಲಿ ಏನೇನು ಹೆಸರಿದೆಯೋ ಅಷ್ಟಕ್ಕೂ ಅವಳೇ ಉದಾಹರಣೆ. ಹೆಡ್‌ಮಾಸ್ಟರ್ ಫಿಲ್ಬರ್ಟ್ ಸೆಲೆಸ್ಟಿನ್ ಕರಿಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದರು: "ಮಿಸ್ ಯೂಲಾ ಈ ಶಾಲೆಯ ಡಾಂಕಿ ವರ್ಕ್ ಮಾಡುತ್ತಾಳೆ." ಅಂದರೆ ಕತ್ತೆಚಾಕರಿ. ಅದರ ಕೆಳಗೆ, "ಮಿಸ್ ಯೂಲಾ ನಮ್ಮೆಲ್ಲರ ಡಾಗ್ಸ್‌ಬಾಡಿ." ಅಂದರೆ ಯಾರು ಕೂಗಿದರೂ ಓಡಿಬರಬೇಕಾದ ಬಿಟ್ಟಿ ಆಳು. ಮಕ್ಕಳು ರಾಗ ಎಳೆದು ಹೇಳುತ್ತಿದ್ದರು. ಅಕ್ಕ ಅದೇ ಕೋಣೆಯ ಮೂಲೆಯಲ್ಲಿ ನಿಂತು ಬಕೆಟ್ಟಿನಲ್ಲಿ ಹಾಲಿನ ಪುಡಿ ಕಲಸುತ್ತಿದ್ದಳು.

ಹೆಡ್‌ಮಾಸ್ಟರಿಗೆ ನಾನು ಹಚ್ಚುವ ಬಹುವಚನ ನನ್ನ ನಾಲಿಗೆಯ ಅಭ್ಯಾಸ, ಮನಸ್ಸಿನದ್ದಲ್ಲ. ಸರ್ ಅಂದು ಅಂದು ನಾಲಿಗೆ ಹಾಗೆ ತಿರುಗಿದೆ. ನಾನು ನೆಸ್ಟಾ, ಅಕ್ಕನ ಬೆನ್ನಿಗೆ ಬಿದ್ದವಳು. ಆ ವಾಕ್ಯ ಹೇಳೋದಿಲ್ಲ ಅಂತ ಬೆಂಚಿನ ಮೇಲೆ ಕೈಕಟ್ಟಿ ಕೂತು ಅಂಗೈ ಬಾತುಕೊಳ್ಳುವವರೆಗೂ ಹುಣಸೆ ಬರಲಿನ ಏಟು ತಿಂದಿದ್ದೇನೆ. ಅದಕ್ಕೇ ಈ ಕತೆ ಹೇಳುವ ಹಕ್ಕು ನನಗಿದೆ.

ಸರ್‌ಗೆ ಇಂಗ್ಲಿಷ್ ನುಡಿಗಟ್ಟು ಅಂದರೆ ಪ್ರಾಣ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ದೊಡ್ಡ ಸ್ಕೂಲಿಗೆ ಸರ್ಕಾರದ ದುಡ್ಡಿನಲ್ಲಿ ಓದಲು ಹೋಗಬೇಕಾದರೆ ಪ್ರಬಂಧದಲ್ಲಿ ನುಡಿಗಟ್ಟು ಬರಬೇಕು, ತಪ್ಪಿಲ್ಲದೆ ಬರಬೇಕು. "ಥ್ಯಾಂಕ್‌ಲೆಸ್ ಅನ್ನೋದು ಮನುಷ್ಯನಿಗಲ್ಲ ಕಣ್ರೋ, ಕೆಲಸಕ್ಕೆ! ಎಷ್ಟು ಮಾಡಿದ್ರೂ ಒಂದು ಒಳ್ಳೇ ಮಾತು ಕೇಳದ ಕೆಲಸ, ಅದು ಥ್ಯಾಂಕ್‌ಲೆಸ್ ಟಾಸ್ಕ್. ಡರ್ಟಿ ವರ್ಕ್ ಅಂದ್ರೆ ಕಸ ಗುಡಿಸೋದು ಅಂತ ಬರೆದವರಿಗೆ ಸೊನ್ನೆ. ಒಬ್ಬ ತಾನು ಮಾಡೋಕೆ ನಾಚ್ಕೊಂಡು ಇನ್ನೊಬ್ಬನ ಕೈಲಿ ಮಾಡಿಸೋ ಕೆಟ್ಟ ಕೆಲಸ ಅದು. ಯಾರ ಡರ್ಟಿ ವರ್ಕ್ ಅಂತ ಬರೀಲೇಬೇಕು. ಯಾರದು? ಯಾರದು?" ಅಂತ ಮೇಜು ಕುಟ್ಟುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಎಂಟರ ಮೇಲೆ ಯಾರಿಗೂ ಅಂಕ ಕೊಟ್ಟವರಲ್ಲ. ಹತ್ತಕ್ಕೆ ಹತ್ತು ದೇವರಿಗೆ, ಒಂಬತ್ತು ಹೆಡ್‌ಮಾಸ್ಟರಿಗೆ ಅನ್ನುವುದು ಅವರ ತಮಾಷೆ. ಅದಕ್ಕೆ ನಾವು ನಗಲೇಬೇಕಿತ್ತು.

ಇಂಥ ಮನುಷ್ಯನಿಗೆ ತನ್ನ ಡರ್ಟಿ ವರ್ಕ್ ಯಾವುದು ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಶೂ ಇಲ್ಲದ ಹುಡುಗನನ್ನು ಇನ್ಸ್‌ಪೆಕ್ಟರ್ ಬರುವ ದಿನ ಮನೆಗೆ ಅಟ್ಟಬೇಕು, ಯಾರು ಹೋಗಬೇಕು? ಯೂಲಾ. ತಲೆಯಲ್ಲಿ ಹೇನಿದೆ, ಮಗಳನ್ನು ಕಳಿಸಬೇಡಿ ಅಂತ ತಾಯಿಗೆ ಹೇಳಬೇಕು, ಯೂಲಾ. ಫೇಲಾದರೆ ತನ್ನ ಶಾಲೆಯ ಹೆಸರಿಗೆ ಮಸಿ ಅಂತ ಪರೀಕ್ಷೆಗೆ ಕೂರಿಸದೆ ಬಿಟ್ಟ ಮಕ್ಕಳ ಮನೆ ಬಾಗಿಲಿಗೂ ಯೂಲಾ. ಟಾಂಟಿ ಮಾವಿಸ್ ಅಂತ ನಮ್ಮ ಓಣಿಯ ಮುದುಕಿ, ಊರಿಗೆಲ್ಲ ಅತ್ತೆ. ಅವಳ ಮೊಮ್ಮಗ ಲಿಂಕನ್‌ನನ್ನು ಬಿಟ್ಟ ದಿನ ಅಕ್ಕ ಹೋಗಿ ಹೇಳಿದಳು. ಮಾವಿಸ್ ಮೀನು ತೊಳೆದ ನೀರನ್ನು ಇವಳ ಕಾಲ ಮೇಲೆ ಸುರಿದಳು.

"ಹೊಟ್ಟೆ ತಣ್ಣಗಾಯ್ತೇನೇ? ನಿಂಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು!"

"ನಾನು ಮಾಡಿದ್ದಲ್ಲ ಟಾಂಟಿ. ಸರ್ ಹೇಳಿ ಕಳಿಸಿದ್ರು."

"ಸರ್ ದೇವರಂಥೋರು. ಹೊಟ್ಟೆಕಿಚ್ಚು ನಿಂದು!"

ಇದು ಊರಿನ ನ್ಯಾಯ. ಸರ್ ಚರ್ಚಿನಲ್ಲಿ ಮುಂದಿನ ಸಾಲು, ಬಿಳಿ ಬೂಟು, ಎಲ್ಲರಿಗೂ ಟೋಪಿ ಎತ್ತಿ ನಮಸ್ಕಾರ. ಬೈಗುಳವೆಲ್ಲ ಅಕ್ಕನ ಪಾಲಿಗೆ. ಅವಳು ಬೀದಿಯಲ್ಲಿ ಹೋದರೆ ಮೂಗು ಒರೆಸಲು ಬಾರದ ಪೋರರೂ "ಡಾಂಕಿ ವರ್ಕ್ ಮಿಸ್" ಅಂತ ಬೇಲಿ ಹಿಂದಿನಿಂದ ಕೂಗುತ್ತಿದ್ದರು. ಮಾರ್ಕೆಟ್ಟಿನಲ್ಲಿ ಗೆಣಸು ಕೊಳ್ಳುವಾಗಲೂ ಅದೇ. ಆ ವಾಕ್ಯ ತನ್ನ ಮೈಮೇಲಿಂದ ಇಳಿಯಬೇಕು, ಬರೆದವನ ಮೈಗೇ ಅಂಟಬೇಕು. ಅಕ್ಕನಿಗೆ ಕೊನೆಕೊನೆಗೆ ಬೇಕಾಗಿದ್ದದ್ದು ಇದೊಂದೇ.

ಮೊದಲು ಬೇಕಾಗಿದ್ದದ್ದು ಬೇರೆ. ಹದಿನಾಲ್ಕಕ್ಕೇ ಅವಳು ಶಾಲೆಯಲ್ಲಿ ಮರಿ ಟೀಚರಾಗಿ ಸೇರಿದವಳು. ಪಟ್ಟಣದ ಟ್ರೇನಿಂಗ್ ಕಾಲೇಜಿಗೆ ಹೋಗಿ ಬಂದರೆ ಪೂರ್ತಿ ಟೀಚರು, ಪೂರ್ತಿ ಸಂಬಳ, ಕೈಗೆ ಸುಣ್ಣದ ಬಕೆಟ್ಟಿನ ಬದಲು ಸೀಮೆಸುಣ್ಣ. ಹೆಡ್‌ಮಾಸ್ಟರ್ ಶಿಫಾರಸು ಮಾಡಬೇಕು, ಅಷ್ಟೇ. ಪ್ರತಿ ಗುಡ್ ಫ್ರೈಡೇ ಮಧ್ಯಾಹ್ನ ನಮ್ಮಮ್ಮ ಎಲ್ಲರ ಮನೆಯಂತೆ ಗಾಜಿನ ಲೋಟದ ನೀರಿಗೆ ಮೊಟ್ಟೆಯ ಬಿಳಿ ಬಿಟ್ಟು ಬಿಸಿಲಿಗಿಟ್ಟು, ಅದರಲ್ಲಿ ಮೂಡುವ ಆಕಾರ ನೋಡಿ ಭವಿಷ್ಯ ಹೇಳುತ್ತಿದ್ದಳು. ಅಕ್ಕನ ಲೋಟದಲ್ಲಿ ಯಾವಾಗಲೂ ಹಾಯಿ ಕಟ್ಟಿದ ಹಡಗು. "ನೋಡು, ಪ್ರಯಾಣ ಇದೆ ನಿಂಗೆ," ಅನ್ನುತ್ತಿದ್ದಳು ಅಮ್ಮ. ಸರ್ ಮಾತ್ರ ಪ್ರತಿ ವರ್ಷ ಇನ್ನೊಬ್ಬರನ್ನು ಕಳಿಸಿದರು. ಹೆಂಡತಿಯ ತಂಗಿಯನ್ನು, ಕೋಕೋ ಎಸ್ಟೇಟಿನವನ ಮಗನನ್ನು, ಕೊನೆಗೆ ಅಕ್ಕನೇ ಅಕ್ಷರ ತಿದ್ದಿಸಿದ ಹುಡುಗಿಯನ್ನು. ಅಕ್ಕ ಕಕ್ಕಸಿನ ಗುಂಡಿಗೆ ಸುಣ್ಣ ಹಾಕಿದಳು, ಗಂಟೆ ಬಾರಿಸಿದಳು, ಸರ್ ಮನೆಯ ಅಂಗಳದಲ್ಲಿ ಕೋಕೋ ಬೀಜವನ್ನು ಬರಿಗಾಲಲ್ಲಿ ತುಳಿದು ಹೊಳಪು ಬರಿಸಿದಳು, ಅವರ ಅಂಗಿ ಒಗೆದಳು.

ಕಾಲೇಜಿಗೆ ಸೇರುವ ವಯಸ್ಸಿನ ಮಿತಿ ಮುಗಿಯುವ ವರ್ಷ ಅವಳು ಸರ್ ಮನೆಗೇ ಹೋಗಿ ಕೇಳಿದಳು. ನಾನೂ ಜೊತೆಯಲ್ಲಿದ್ದೆ.

"ನೀನು ಹೋದ್ರೆ ಇಲ್ಲಿನ ಕೆಲಸ ಯಾರು ಮಾಡ್ತಾರೆ ಯೂಲಾ? ಒಬ್ಬೊಬ್ಬರು ಒಂದೊಂದಕ್ಕೆ ಹುಟ್ಟಿರ್ತಾರೆ. ನೀನು ಇದಕ್ಕೆ ಹುಟ್ಟಿದವಳು," ಅಂದರು ಸರ್. ಅಕ್ಕನ ಮುಖ ನೋಡಿ ಏನನ್ನಿಸಿತೋ, ಒಳಗೆ ಹೋಗಿ ಒಂದು ಕಂದು ಕೋಟು ತಂದರು. "ಇದನ್ನ ನಿಮ್ಮಪ್ಪನಿಗೆ ಕೊಡು. ಒಳ್ಳೇ ಉಣ್ಣೆ. ಹಬ್ಬಕ್ಕೆ ಹಾಕ್ಕೊಳ್ಳಲಿ."

ನಮ್ಮಪ್ಪ ಸತ್ತು ಆಗ ವರ್ಷ ಕಳೆದಿತ್ತು. ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಬೈಬಲ್ ಪಾಠ ಓದಿದವರು ಇದೇ ಸರ್!

ಅಕ್ಕ "ಥ್ಯಾಂಕ್ಯೂ ಸರ್" ಅಂದಳು. ಮನೆಗೆ ಬಂದು ಕೋಟಿಗೆ ನುಸಿಗುಳಿಗೆ ಹಾಕಿ ಟ್ರಂಕಿನ ತಳದಲ್ಲಿಟ್ಟಳು. "ಸುಟ್ಟುಹಾಕೇ ಅದನ್ನ!" ಅಂತ ನಾನು ಕೂಗಾಡಿದೆ. "ಇರ್ಲಿ ಬಿಡು," ಅಂದಳು. ಇರಲಿ ಬಿಡು ಅನ್ನುವವರ ಸಿಟ್ಟು ಎಂಥದ್ದು ಅಂತ ನನಗೆ ಆಗ ಗೊತ್ತಿರಲಿಲ್ಲ. ನನ್ನದು ಹುಲ್ಲಿನ ಬೆಂಕಿ, ಅವಳದು ತೆಂಗಿನ ಸಿಪ್ಪೆಯದು. ಹನ್ನೆರಡು ವರ್ಷ ಒಳಗೊಳಗೇ ಉರಿಯಿತು.

ಸರ್ ನಿವೃತ್ತರಾಗುವ ವರ್ಷ ಬಂತು. ಈಸ್ಟರ್ ಸೋಮವಾರ ದೊಡ್ಡ ಸನ್ಮಾನ, ಪಾದ್ರಿಗಳ ಭಾಷಣ, ಕಂಚಿನ ಗಡಿಯಾರ. ಹೊಸ ಶಾಲಾ ಹಾಲಿಗೆ ಅವರದೇ ಹೆಸರು ಅಂತ ಸುದ್ದಿ. ಆ ಸುದ್ದಿ ಕೇಳಿದ ದಿನ ಅಕ್ಕ ಮೀನು ಹುರಿಯುತ್ತಿದ್ದವಳು ಸೌಟು ಕೆಳಗಿಟ್ಟು ಕೇಳಿದಳು: "ನೆಸ್ಟಾ, ಈ ಸಲ ಬೊಬೊಲಿ ನಾವು ಮಾಡೋಣ್ವಾ?"

ನಾನು ಕುಣಿದಾಡಿದೆ.

ಗುಡ್ ಫ್ರೈಡೇ ದಿನ ಊರಿನ ಕೂಡುರಸ್ತೆಯಲ್ಲಿ ಬೊಬೊಲಿ ಕಟ್ಟದಿದ್ದರೆ ಅದು ಗುಡ್ ಫ್ರೈಡೇನೇ ಅಲ್ಲ. ಹಳೇ ಬಟ್ಟೆಗೆ ಒಣಗಿದ ಬಾಳೆಲೆ ತುರುಕಿ ಮಾಡಿದ ಬೊಂಬೆ. ಏಸುವನ್ನು ಹಿಡಿದುಕೊಟ್ಟ ಯೂದ ಅದು, ಅದರ ನೆಪದಲ್ಲಿ ಊರಿಗೆ ದ್ರೋಹ ಮಾಡಿದ ಯಾರಾದರೂ ಆಗಬಹುದು. ಚರ್ಚು ಬಿಟ್ಟ ಮೇಲೆ ಚಿಕ್ಕವರು ದೊಡ್ಡವರು ಎಲ್ಲ ಕೋಲು ಹಿಡಿದು ಬಡಿಯುತ್ತಾರೆ, ಕೊನೆಗೆ ಸುಡುತ್ತಾರೆ. ಕೊರಳಿಗೆ ಒಂದು ಹಲಗೆ, ಅದರಲ್ಲಿ ಅವನ ಪಾಪ. ನಮ್ಮೂರಲ್ಲಿ ಒಂದು ಕಟ್ಟು ಇದೆ. ಹೆಸರು ಬರೆಯುವಂತಿಲ್ಲ. ಯಾರು ಅಂತ ಬಟ್ಟೆ ನೋಡಿ ಜನ ತಿಳಿಯಬೇಕು. ಯಾರು ಕಟ್ಟಿದರು ಅಂತಲೂ ಕೇಳುವಂತಿಲ್ಲ.

ಕೈಬರಹ ಗೊತ್ತಾಗುತ್ತದಲ್ಲ ಅಂತ ನನಗೆ ಭಯ. ಸರ್ ಕೆಲಸ ಬಿಡುವ ಜುಲೈ ತನಕ ಅವರ ಕೈಕೆಳಗೇ ಅಕ್ಕನ ಅನ್ನ. ಅಕ್ಕ ನಕ್ಕಳು. "ಇಡೀ ಬಲಾಟಾದ ಅಕ್ಷರ ಒಂದೇ ಕಣೇ. ಬರಲು ಹಿಡಿದು ತಿದ್ದಿದ್ದಾರಲ್ಲ." ನಿಜ. ನಮ್ಮೂರಲ್ಲಿ ಮೀನಿನ ಅಂಗಡಿಯ ಬೋರ್ಡೂ ಗೋರಿಕಲ್ಲೂ ಒಂದೇ ಕೈ ಬರೆದ ಹಾಗಿವೆ.

ಬರೆದದ್ದು ನಾಲ್ಕು ವಾಕ್ಯ. "ಇವನು ತನ್ನ ಡಾಂಕಿ ವರ್ಕ್ ಬೇರೆಯವರ ಕೈಲಿ ಮಾಡಿಸಿದ. ಇವನ ಡರ್ಟಿ ವರ್ಕ್ ಮಾಡಿದವರಿಗೆ ಬೈಗುಳ ಬಿತ್ತು, ಇವನಿಗೆ ನಮಸ್ಕಾರ ಬಿತ್ತು. ಮಾಡಿದವರನ್ನೇ ಇವನು ಡಾಗ್ಸ್‌ಬಾಡಿ ಅಂತ ಕರೆದ. ಇವನಿಗೆ ಎಷ್ಟು ಹೊಡೆದರೂ ಥ್ಯಾಂಕ್‌ಲೆಸ್ ಟಾಸ್ಕ್." ಬರೆದು, ಒಣಗಿಸಿ, ಮತ್ತೆ ಮತ್ತೆ ಓದಿದಳು. ಒಂದು ತಪ್ಪಿದ್ದರೂ ಸರ್ ಆ ತಪ್ಪಿನ ಹಿಂದೆ ಬಿದ್ದು ಉಳಿದದ್ದನ್ನು ಮರೆಸಿಬಿಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಆಮೇಲೆ ಟ್ರಂಕಿನಿಂದ ಕಂದು ಕೋಟು ತೆಗೆದಳು.

ಬೆಳಗಾಗುವಷ್ಟರಲ್ಲಿ ಬೊಬೊಲಿ ಕೂಡುರಸ್ತೆಯ ಬಾದಾಮಿ ಮರಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಜನ ಬಂದು ನೋಡಿದರು, ಓದಿದರು, ಹಲ್ಲು ಕಿಸಿದರು. "ಕೌನ್ಸಿಲರ್ ಒಲಿವಿಯೇರ್ ಅಲ್ವೇನೋ ಇದು? ರಸ್ತೆ ಕೆಲಸ ನಮ್ಮ ಕೈಲೇ ಬಿಟ್ಟಿ ಮಾಡಿಸಿದ್ನಲ್ಲ, ಅವನೇ!" ಆ ವರ್ಷ ಕೌನ್ಸಿಲರನನ್ನೇ ಬಡಿಯಬೇಕು ಅಂತ ಊರೆಲ್ಲ ಮೊದಲೇ ಕೈ ತುರಿಸಿಕೊಂಡು ಕೂತಿತ್ತು. ಕೋಟು ಯಾರಿಗೂ ನೆನಪಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ಕಾದಿಟ್ಟ ಮಾತು ಆ ಗಡವ ಕೌನ್ಸಿಲರನ ಪಾಲಾಗಿ ಹೋಯಿತಲ್ಲ! ಅಕ್ಕನ ಮುಖ ನೋಡಿದೆ. ತುಟಿ ಬಿಳಿಚಿಕೊಂಡಿತ್ತು. ಹೆಸರು ಕೂಗೋಣ ಅಂದರೆ ಕಟ್ಟು ಮುರಿದ ಹಾಗೆ, ಊರೇ ತಿರುಗಿ ಬೀಳುತ್ತದೆ.

ಮೂರು ಗಂಟೆಯ ಪೂಜೆ ಮುಗಿಯಿತು. ಜನ ಕೋಲು ಹಿಡಿದು ಸೇರಿದರು. ಅಷ್ಟರಲ್ಲಿ ಬಂದರು ನೋಡಿ, ಸೆಲೆಸ್ಟಿನ್ ಸರ್, ಬಿಳಿ ಬೂಟು, ಕೈಹಿಡಿದು ಅವರ ಹೆಂಡತಿ, ನಮ್ಮೆಲ್ಲರ ಮೇಡಂ. ಎಲ್ಲರೂ ದಾರಿ ಬಿಟ್ಟರು. ಸರ್ ಕನ್ನಡಕ ಏರಿಸಿ ಹಲಗೆ ಓದಿದರು. ಮನಸ್ಸಿನಲ್ಲಲ್ಲ, ಕ್ಲಾಸಿನ ದನಿಯಲ್ಲಿ, ಒಂದೊಂದು ನುಡಿಗಟ್ಟಿಗೂ ಒತ್ತು ಕೊಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಈ ಪುಣ್ಯಾತ್ಮ ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ!

"ಭೇಷ್!" ಅಂದರು. "ಇವನ ಡರ್ಟಿ ವರ್ಕ್. ನೋಡಿದ್ರಾ? ಯಾರದು ಅಂತ ಬರೆದಿದ್ದಾರೆ. ಥ್ಯಾಂಕ್‌ಲೆಸ್ ಅನ್ನೋದು ಕೆಲಸಕ್ಕೇ ಬಂದಿದೆ. ಒಂದು ತಪ್ಪಿಲ್ಲ! ಯಾರಪ್ಪ ಬರೆದದ್ದು? ಬೇಡ ಬೇಡ, ಕೇಳೋ ಹಾಗಿಲ್ಲ, ಗೊತ್ತು. ಆದ್ರೆ ನನ್ನ ಶಿಷ್ಯರೇ. ನಾನು ಕಲಿಸಿದ್ದು ವ್ಯರ್ಥ ಆಗ್ಲಿಲ್ಲ." ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು. ಹಲಗೆಯ ಮೂಲೆಯಲ್ಲಿ ಹತ್ತಕ್ಕೆ ಹತ್ತು ಬರೆದು, ಕೆಳಗೆ ಗೀಟೆಳೆದು, ರುಜು ಹಾಕಿದರು. ಜೀವಮಾನದಲ್ಲಿ ಅವರು ಹಾಕಿದ ಮೊದಲ ಹತ್ತು.

ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಂಗುರ ಒತ್ತಿ ನೋವಾಯಿತು.

"ಮೊದಲ ಏಟು ನಂದು," ಅಂದರು ಸರ್. ಒಬ್ಬ ಹುಡುಗನ ಕೈಯಿಂದ ಪೇರಲೆ ಕೋಲು ಕಿತ್ತುಕೊಂಡು, ಮಕ್ಕಳಿಗೆ ಬಾರಿಸುತ್ತಿದ್ದರಲ್ಲ, ಅದೇ ಭಂಗಿಯಲ್ಲಿ ಒಂದು ಕೊಟ್ಟರು. "ಕೌನ್ಸಿಲರ್ ಸಾಹೇಬ್ರೇ, ಇದು ಡಾಂಕಿ ವರ್ಕಿಗೆ!" ಜನ ಹೋ ಅಂದರು. "ಇದು ಡರ್ಟಿ ವರ್ಕಿಗೆ!" ಎರಡನೇ ಏಟಿಗೆ ತೋಳಿನ ಹೊಲಿಗೆ ಬಿಟ್ಟು ಮೊಣಕೈ ಒಳಗಿನ ತೇಪೆ ಹೊರಬಿತ್ತು. ಹಸಿರು ಬಟ್ಟೆ, ಅದರ ಮೇಲೆ ಹಳದಿ ಹೂವು. ಕೋಲು ಮತ್ತೆ ಮೇಲಕ್ಕೆ ಹೋಗಿತ್ತು.

"ಫಿಲ್ಬರ್ಟ್, ನಿಲ್ಲಿಸಿ!"

ಮೇಡಂ. ಆ ಹೆಂಗಸು ಬೀದಿಯಲ್ಲಿ ದನಿ ಎತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಮುಂದೆ ಬಂದು ಆ ತೇಪೆ ಹಿಡಿದು ನೋಡಿದರು.

"ಇದು ನನ್ನ ಪರದೆ ಬಟ್ಟೆ. ನಾನೇ ಹಾಕಿದ ತೇಪೆ. ನಮ್ಮಪ್ಪ ನಿಮಗೆ ಮದುವೇಲಿ ಕೊಟ್ಟ ಕೋಟು ಇದು. ಬಸ್ಸಲ್ಲಿ ಮರೆತು ಬಂದೆ ಅಂದಿದ್ರಲ್ಲ ನೀವು?"

ಸರ್ ಕೋಟು ನೋಡಿದರು, ಹಲಗೆ ನೋಡಿದರು, ತಮ್ಮದೇ ಕೆಂಪು ರುಜು ನೋಡಿದರು. ಜನರೂ ಮತ್ತೊಮ್ಮೆ ಹಲಗೆ ಓದತೊಡಗಿದರು, ಈ ಸಲ ತುಟಿ ಅಲ್ಲಾಡಿಸುತ್ತ ನಿಧಾನವಾಗಿ. ಆ ವಾಕ್ಯಗಳು ಯಾರಿಗೆ ಗೊತ್ತಿಲ್ಲ? ಅಂಗೈ ಮೇಲೆ ಏಟು ತಿಂದು ಕಲಿತದ್ದು!

ಟಾಂಟಿ ಮಾವಿಸ್ ಗುಂಪು ಸೀಳಿಕೊಂಡು ಬಂದಳು. ಸರ್ ಕಡೆಗೆ ಹೋಗಲಿಲ್ಲ. ಅಕ್ಕನ ಮುಂದೆ ನಿಂತಳು. "ನಮ್ಮ ಲಿಂಕನ್‌ನ ಪರೀಕ್ಷೆಗೆ ಬಿಡಬೇಡ ಅಂದದ್ದು ಇವನೇನಾ?"

"ಹೌದು ಟಾಂಟಿ."

"ನಾನು ನಿನ್ನ ಕಾಲ ಮೇಲೆ ಮೀನಿನ ನೀರು ಸುರಿದೆನಲ್ಲೇ ತಾಯಿ."

"ಸುರಿದ್ರಿ."

ಮಾವಿಸ್ ತಿರುಗಿದಳು. ಸರ್ ಕೈಯಲ್ಲಿದ್ದ ಕೋಲನ್ನು ಮೆಲ್ಲಗೆ ಬಿಡಿಸಿಕೊಂಡಳು, ಮಗುವಿನ ಕೈಯಿಂದ ಚಾಕು ತೆಗೆದುಕೊಂಡ ಹಾಗೆ. "ಕೊಡಿ ಸರ್. ಇನ್ನು ನಾವು ನೋಡ್ಕೋತೀವಿ." ಬೊಬೊಲಿಗೆ ಒಂದು ಬಿಟ್ಟಳು ನೋಡಿ, ಬಾಳೆಲೆ ಹಾರಿ ಮೇಡಂ ಟೋಪಿಯ ಮೇಲೆ ಕೂತಿತು. ಹಿಂದೆ ಯಾವುದೋ ಮಗು ರಾಗ ಎಳೆಯಿತು: "ಸೆಲೆಸ್ಟಿನ್ ಸರ್ ತಮ್ಮ ಡಾಂಕಿ ವರ್ಕ್..." ಅದರ ದನಿಗೆ ಇನ್ನೊಂದು ಸೇರಿತು, ಆಮೇಲೆ ದೊಡ್ಡವರದ್ದೂ. ಶಾಲೆಯ ರಾಗವೇ, ಅಲ್ಲಲ್ಲಿ ಉಸಿರು ನಿಲ್ಲಿಸುವ ಜಾಗವೂ ಅದೇ. ಸರ್ ಮನೆ ಕಡೆ ನಡೆದರು. ಬೆನ್ನ ಹಿಂದೆ ಹಾಡು ಏರಿನ ತನಕ ಹೋಯಿತು. ನಾನು ಎಲ್ಲರಿಗಿಂತ ಜೋರಾಗಿ ಹೇಳಿದೆ. ಅವತ್ತು ಬೆಂಚಿನ ಮೇಲೆ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಬಡ್ಡಿ ಸಮೇತ ಹೇಳಿದೆ. ಆಹಾ, ಎಂಥ ಸುಖ!

ಈಸ್ಟರ್ ಸೋಮವಾರ ಸನ್ಮಾನ ನಡೆಯಿತು. ಸರ್ ಮಾತಾಡಲು ಎದ್ದರು, "ನನ್ನ ಪ್ರೀತಿಯ ಮಕ್ಕಳೇ" ಅಂದರು. ಹಿಂದಿನ ಸಾಲಿನಿಂದ ಯಾರೋ ಮೂಗಿನಲ್ಲೇ ರಾಗ ಹಿಡಿದರು, ಪದವಿಲ್ಲ, ಬರೀ ರಾಗ. ಸರ್ ಕೂತುಬಿಟ್ಟರು. ಗಡಿಯಾರ ಕೊಟ್ಟರು, ಹಾಲಿಗೆ ಹೆಸರಿಡುವ ಮಾತು ಪಾದ್ರಿಗಳ ಬಾಯಿಂದ ಬರಲಿಲ್ಲ. ಬೇಲಿ ಹಿಂದಿನ ಪೋರರು ಅಕ್ಕನನ್ನು ಈಗ "ಮಿಸ್" ಅನ್ನುತ್ತಾರೆ, ಮುಂದೆ ಏನೂ ಸೇರಿಸುವುದಿಲ್ಲ. ಹಾಗಂತ ಕಾಲೇಜು ಸಿಗಲಿಲ್ಲ. ಹೋದ ವಯಸ್ಸನ್ನು ಯಾವ ಬೊಬೊಲಿಯೂ ತಂದುಕೊಡುವುದಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ಬೊಬೊಲಿ ಸುಡುವ ಮುಂಚೆ ಅಕ್ಕ ಆ ಕೋಟನ್ನು ಬಿಚ್ಚಿಕೊಂಡಿದ್ದಳು. ಒಗೆದಳು, ಹರಿದ ತೋಳು ಹೊಲಿದಳು, ಕೆಂಡದ ಇಸ್ತ್ರಿಪೆಟ್ಟಿಗೆ ಹಾಕಿದಳು. ನನಗೆ ತಲೆ ಕೆಟ್ಟಿತು. "ಮತ್ತೆ ಅವನ ಬಟ್ಟೆ ಒಗೀತೀಯಲ್ಲೇ, ನಾಚಿಕೆ ಆಗಲ್ವಾ?"

"ಸ್ವಲ್ಪ ಪಾಪ ಅನ್ನಿಸ್ತಿದೆ ನೆಸ್ಟಾ," ಅಂದಳು. "ಮೇಡಂ ಅವರ ಅಪ್ಪ ಕೊಟ್ಟ ಕೋಟು. ವಾಪಸು ಕೊಟ್ಟುಬಿಡೋಣ. ಮುಗೀತು ಅನ್ನೋಣ."

ಹೋದೆವು. ಸರ್ ವರಾಂಡದಲ್ಲಿ ಒಬ್ಬರೇ ಕೂತಿದ್ದರು, ಮಡಿಲಲ್ಲಿ ಕಂಚಿನ ಗಡಿಯಾರ. ವಾರದಲ್ಲೇ ಹತ್ತು ವರ್ಷ ಮುಪ್ಪಾದ ಹಾಗಿದ್ದರು. ಅಕ್ಕ ಮಡಿಸಿದ ಕೋಟನ್ನು ಮೇಜಿನ ಮೇಲಿಟ್ಟಳು.

"ಒಗೆದು ತಂದಿದ್ದೀನಿ ಸರ್. ಇದೇ ಕೊನೇದು."

ಸರ್ ಕೋಟಿನ ಮೇಲೆ ಕೈಯಾಡಿಸಿದರು. ಆಮೇಲೆ ತಲೆಯೆತ್ತಿ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು: "ಯಾಕೆ ಯೂಲಾ, ನಿಮ್ಮಪ್ಪನಿಗೆ ಇದು ಸರಿಹೋಗ್ಲಿಲ್ವಾ?"

ಅಕ್ಕ ಅವರ ಮುಖವನ್ನೇ ನೋಡುತ್ತ ನಿಂತಳು. ಗೇಟು ತೆಗೆದು ಹೊರಗೆ ಬಂದು, ಚಿಲಕ ಹಾಕಿ, ನನ್ನ ಕೈ ಹಿಡಿದಳು.

"ಈಗ ಪಾಪ ಅನ್ನಿಸ್ತಿಲ್ಲ," ಅಂದಳು. "ನಡಿ, ಮನೆಗೆ ಹೋಗೋಣ."